ಸ್ಕ್ಯಾನ್ ಮಾಡಿದ ಮೇಲೆ ಕಾನ್ವೆಂಟಿನ ಹಳೆಯ ಕಾಗದಗಳು ಬೇಕೆ?

ಪ್ರಶ್ನೆ: ಮೈಸೂರಿನ ನಮ್ಮ ಕಾನ್ವೆಂಟಿನಲ್ಲಿ ಧರ್ಮಭಗಿನಿಯರ ದಿನಚರಿ, ಪತ್ರ, ಫೋಟೋಗಳು ಕಪಾಟಿನ ತುಂಬ ಇವೆ. ಎಲ್ಲವನ್ನೂ ಸ್ಕ್ಯಾನ್ ಮಾಡಿದ ಮೇಲೆ ಮೂಲ ಕಾಗದಗಳನ್ನು ವಿಲೇವಾರಿ ಮಾಡಬಹುದೆ?

ಉತ್ತರ: ದಯವಿಟ್ಟು ಮಾಡಬೇಡಿ. ಸ್ಕ್ಯಾನ್ ಪ್ರತಿಯಲ್ಲಿ ಅಕ್ಷರಗಳು ಉಳಿಯುತ್ತವೆ. ಯಾವ ಪತ್ರ ಯಾವ ಕಟ್ಟಿನಲ್ಲಿ, ಯಾವ ಲೆಕ್ಕಪುಸ್ತಕದ ಜೊತೆಗಿತ್ತು ಎಂಬುದನ್ನು ನಾವೇ ಬರೆದಿಡದಿದ್ದರೆ ಅದು ಅಳಿಸಿಹೋಗುತ್ತದೆ. ಆದ್ದರಿಂದ ಕಟ್ಟು ಬಿಚ್ಚುವ ಮೊದಲೇ, ಇರುವ ಕ್ರಮದಲ್ಲಿಯೇ ಪಟ್ಟಿ ಮಾಡಿಕೊಳ್ಳಿ.

ಈ ಎಚ್ಚರ ನಮ್ಮ ಊರಿಗೆ ಇನ್ನೂ ಹೆಚ್ಚು ಅಗತ್ಯ. ಫ್ರಾನ್ಸಿನಲ್ಲಿ ಹುಟ್ಟಿದ ಗುಡ್ ಶೆಫರ್ಡ್ ಸಭೆಯ (ಧರ್ಮಭಗಿನಿಯರ ಸಂಘದ) ಭಗಿನಿಯರು 1854ರಲ್ಲಿ ಬೆಂಗಳೂರಿಗೆ ಬಂದರು; 1963ರಲ್ಲಿ ಮೈಸೂರಿನಲ್ಲಿ ಟೆರೇಷಿಯನ್ ಕಾಲೇಜನ್ನು ಆರಂಭಿಸಿದ ಸಭೆಯ ಮೂಲ ಎರ್ನಾಕುಲಂನಲ್ಲಿದೆ; ಬೆಂಗಳೂರು ಮೈಸೂರಿನಿಂದ ಬೇರೆಯಾಗಿ ಪ್ರತ್ಯೇಕ ಧರ್ಮಕ್ಷೇತ್ರ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ಆದದ್ದು 1940ರಲ್ಲಿ. ಹೀಗಾಗಿ ಒಂದು ಪತ್ರವ್ಯವಹಾರದ ಅರ್ಧಭಾಗ ಮೈಸೂರಿನಲ್ಲಿದ್ದು, ಉಳಿದರ್ಧ ಬೆಂಗಳೂರು, ಕೇರಳ ಅಥವಾ ಫ್ರಾನ್ಸಿನ ಕಪಾಟಿನಲ್ಲಿರುವುದು ಸಾಧ್ಯ. ಲಕೋಟೆ, ಅಂಚೆಮುದ್ರೆ, ಕಾಗದದ ಅಂಚಿನಲ್ಲಿ ಗೀಚಿದ ಟಿಪ್ಪಣಿಗಳೇ ಅವೆರಡನ್ನು ಜೋಡಿಸುವ ಕೊಂಡಿಗಳು.

ಭಗಿನಿಯರ ವ್ರತಸ್ವೀಕಾರದ ದಾಖಲೆಯನ್ನು ಎಲ್ಲರೂ ಜೋಪಾನ ಮಾಡುತ್ತಾರೆ. ರದ್ದಿಗೆ ಹೋಗುವುದು ದಿನಸಿ ಲೆಕ್ಕ, ಔಷಧಾಲಯದ ರಿಜಿಸ್ಟರ್, ಹಾಸ್ಟೆಲಿನ ದಾಖಲಾತಿ ಪುಸ್ತಕ. ನನ್ನ ದೃಷ್ಟಿಯಲ್ಲಿ ಇವೇ ಅಮೂಲ್ಯ: ಯಾವ ಹಳ್ಳಿಯ ಹೆಣ್ಣುಮಗು ಓದಲು ಬಂತು, ಯಾವ ಕಾಯಿಲೆಗೆ ಯಾರು ಶುಶ್ರೂಷೆ ಮಾಡಿದರು ಎಂಬುದು, ತಮ್ಮ ಹೆಸರನ್ನು ಎಲ್ಲಿಯೂ ಕೆತ್ತಿಸಿಕೊಳ್ಳದ ಈ ಮಹಿಳೆಯರ ದುಡಿಮೆಯ ಸಾಕ್ಷಿಯಾಗಿ, ಇಂಥ ಪುಟಗಳಲ್ಲಿ ಮಾತ್ರ ಸಿಗುತ್ತದೆ. ಹಿರಿಯ ಸಿಸ್ಟರ್‌ಗಳು ಇರುವಾಗಲೇ ಫೋಟೋದಲ್ಲಿರುವವರನ್ನು ಗುರುತಿಸಿ, ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ ಹಗುರವಾಗಿ ಬರೆಯಿರಿ. ಅವರ ಮಾತನ್ನು ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಳ್ಳಿ.

ತುಕ್ಕು ಹಿಡಿದ ಪಿನ್ನುಗಳನ್ನು ಮೆಲ್ಲನೆ ತೆಗೆಯಿರಿ. ಲ್ಯಾಮಿನೇಷನ್ ಮತ್ತು ಅಂಟು ಟೇಪು ಬೇಡವೇ ಬೇಡ. ತಾಳೆಗರಿಗೆ ಹಚ್ಚುವ ಮಜ್ಜಿಗೆಹುಲ್ಲಿನ ಎಣ್ಣೆಯನ್ನು ಕಾಗದಕ್ಕೆ ಹಚ್ಚಿದರೆ ಕಲೆಯಾಗುತ್ತದೆ. ಮಳೆಗಾಲದ ತೇವ ತಗಲದಂತೆ ಕಪಾಟನ್ನು ಗೋಡೆಯಿಂದ ದೂರವಿಡಿ. ಸ್ಕ್ಯಾನ್ ಖಂಡಿತ ಮಾಡಿ: ಬರಹಕ್ಕೆ ಅಂಗುಲಕ್ಕೆ ಕನಿಷ್ಠ 300 ಚುಕ್ಕೆ, ಫೋಟೋಗೆ 600, ಪ್ರತಿಗಳು ಎರಡು ಬೇರೆ ಕಟ್ಟಡಗಳಲ್ಲಿರಲಿ.

ಆಶ್ರಯಕ್ಕೆ ಬಂದ ಹೆಣ್ಣುಮಕ್ಕಳ, ಅನಾಥ ಮಕ್ಕಳ ಕಡತಗಳನ್ನು ಮಾತ್ರ ಅಂತರ್ಜಾಲಕ್ಕೆ ಹಾಕಬಾರದು. ಅವುಗಳನ್ನು ಯಾರು, ಯಾವಾಗ ನೋಡಬಹುದೆಂದು ಸಭೆಯ ಮುಖ್ಯಸ್ಥೆ ಲಿಖಿತವಾಗಿ ತೀರ್ಮಾನಿಸಬೇಕು. ಕಾನ್ವೆಂಟನ್ನೇ ಮುಚ್ಚುವ ಪ್ರಸಂಗ ಬಂದರೆ ಮೂಲ ಕಾಗದಗಳೆಲ್ಲವೂ ಮೊದಲು ಮಾಡಿದ ಪಟ್ಟಿಯ ಸಮೇತ ಸಭೆಯ ಪ್ರಾಂತೀಯ ದಾಖಲೆ ಸಂಗ್ರಹಾಲಯಕ್ಕೆ ಸೇರಲಿ, ಪಟ್ಟಿಯ ಒಂದು ಪ್ರತಿ ಮೈಸೂರಿನಲ್ಲಿಯೇ ಉಳಿಯಲಿ.