ದೇಹದೊಳಗೆ ವಿಕಿರಣ ಎಷ್ಟು ದೂರ ಸಾಗುತ್ತದೆ?

ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಹಾಕುವಷ್ಟು ಶಕ್ತಿಯುಳ್ಳ ವಿಕಿರಣ ಜೀವಕೋಶದೊಳಗೆ ಹಾಯ್ದಾಗ ಡಿಎನ್‌ಎಯ ಎಳೆಗಳು ತುಂಡಾಗುತ್ತವೆ; ಎರಡೂ ಎಳೆಗಳು ಅಕ್ಕಪಕ್ಕದಲ್ಲೇ ತುಂಡಾದರೆ ಅದನ್ನು ಸರಿಪಡಿಸಿಕೊಳ್ಳಲಾಗದೆ ಎಷ್ಟೋ ಕ್ಯಾನ್ಸರ್ ಕೋಶಗಳು ಸಾಯುತ್ತವೆ. ಆದರೆ ಕ್ಯಾನ್ಸರ್ ಚಿಕಿತ್ಸೆಗೆ ಯಾರಿಗೆ ಯಾವ ವಿಕಿರಣ ಎಂದು ತೀರ್ಮಾನಿಸುವಾಗ, ವಿಕಿರಣ ಚಿಕಿತ್ಸೆ ಕೊಡುವ ನಾವು ಮೊದಲು ಲೆಕ್ಕ ಹಾಕುವುದು, ಅದು ಅಂಗಾಂಶದಲ್ಲಿ ಎಷ್ಟು ದೂರ ಸಾಗಿ ಎಲ್ಲಿ ತನ್ನ ಶಕ್ತಿಯನ್ನು ಬಿಡುತ್ತದೆ ಎಂಬುದನ್ನು.

ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಸೇರಿದ ಆಲ್ಫಾ ಕಣ ಭಾರವಾದದ್ದು, ಅಂಗಾಂಶದಲ್ಲಿ ಅದರ ಓಟ ಸುಮಾರು 0.1 ಮಿಲಿಮೀಟರಿನೊಳಗೇ ಮುಗಿಯುತ್ತದೆ. ಹೊರಗಿನಿಂದ ಬಂದರೆ ಚರ್ಮದ ಸತ್ತ ಪದರವೇ ತಡೆಯುವುದರಿಂದ ಅದನ್ನು ರಕ್ತದ ಮೂಲಕ ರೋಗವಿರುವ ಜಾಗಕ್ಕೇ ತಲುಪಿಸಬೇಕು. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗಳಿಗೆ ಹರಡಿದಾಗ ಕೆಲವರಿಗೆ ಕೊಡುವ, ಆಲ್ಫಾ ಕಣ ಸೂಸುವ ರೇಡಿಯಂ-223 ಕ್ಯಾಲ್ಸಿಯಂನಂತೆ ವರ್ತಿಸಿ, ಕ್ಯಾನ್ಸರ್ ಹರಡಿದ ಕಡೆ ಹೊಸ ಮೂಳೆ ಹುಟ್ಟುತ್ತಿರುವಲ್ಲಿ ತಾನಾಗಿ ಸೇರಿಕೊಳ್ಳುತ್ತದೆ. ಓಟ ಇಷ್ಟು ಗಿಡ್ಡವಾದ್ದರಿಂದಲೇ ಅಸ್ಥಿಮಜ್ಜೆಯ ಬಹುಭಾಗ ಉಳಿದುಕೊಳ್ಳುತ್ತದೆ.

ಹೊರಗಿನಿಂದ ಕೊಡುವ ಚಿಕಿತ್ಸೆಯಲ್ಲಿ ಎಲೆಕ್ಟ್ರಾನುಗಳನ್ನು ವೇಗಗೊಳಿಸಿ ಎಕ್ಸ್-ರೇ ಹುಟ್ಟಿಸುವ ಲೀನಿಯರ್ ಆಕ್ಸಲರೇಟರ್ ಯಂತ್ರದ ಕಿರಣಗಳದೇ ಸಿಂಹಪಾಲು. 6 ಮೆಗಾವೋಲ್ಟ್‌ನ (60 ಲಕ್ಷ ವೋಲ್ಟ್) ಕಿರಣ ಚರ್ಮವನ್ನು ದಾಟಿ, ಸುಮಾರು 1.5 ಸೆಂಟಿಮೀಟರ್ ಆಳದಲ್ಲಿ ಗರಿಷ್ಠ ಪ್ರಮಾಣ (ಡೋಸ್) ಮುಟ್ಟಿ, ಅಲ್ಲಿಂದ ಮುಂದೆ ಕ್ರಮೇಣ ಕ್ಷೀಣಿಸುತ್ತ ದೇಹದ ಆಚೆ ಬದಿಯಿಂದ ಹೊರಬೀಳುತ್ತದೆ. ಆಳದ ಗೆಡ್ಡೆಗೆ ಒಂದೇ ದಿಕ್ಕಿನಿಂದ ಕೊಟ್ಟರೆ ದಾರಿಯಲ್ಲಿರುವ ಆರೋಗ್ಯವಂತ ಅಂಗಾಂಶಕ್ಕೇ ಹೆಚ್ಚು ಪೆಟ್ಟು ಬೀಳುತ್ತದೆ. ಆದ್ದರಿಂದ ಹಲವು ದಿಕ್ಕುಗಳಿಂದ ಬರುವ ಕಿರಣಗಳು ಗೆಡ್ಡೆಯಲ್ಲಿ ಕೂಡುವಂತೆ ಯೋಜಿಸುತ್ತೇವೆ. ಹೈಡ್ರೋಜನ್ ಪರಮಾಣುವಿನ ಬೀಜವಾದ ಪ್ರೋಟಾನ್ ಕಣದ ಕಿರಣ ಹಾಗಲ್ಲ. ನಿಲ್ಲುವ ತುಸು ಮೊದಲು ಅತಿ ಹೆಚ್ಚು ಶಕ್ತಿ ಬಿಟ್ಟು, ಆಚೆಗೆ ಬಹುತೇಕ ಏನನ್ನೂ ದಾಟಿಸುವುದಿಲ್ಲ. ಇದನ್ನು ಚಿಕಿತ್ಸೆಗೆ ಬಳಸಬಹುದೆಂದು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವಿಲ್ಸನ್ 1946ರಲ್ಲೇ ಸೂಚಿಸಿದ್ದರು. ಬೆಳೆಯುವ ಮಕ್ಕಳ ಮಿದುಳಿನ ಗೆಡ್ಡೆಗಳಲ್ಲಿ ಇದು ನಿಜಕ್ಕೂ ದೊಡ್ಡ ವರ, ಆದರೆ ಎಲ್ಲ ರೋಗಿಗಳಿಗೂ ಇದೇ ಬೇಕೆಂಬ ನಂಬಿಕೆಗೆ ಆಧಾರವಿಲ್ಲ.

ಗರ್ಭಕೊರಳಿನ ಕ್ಯಾನ್ಸರಿನಲ್ಲಿ ವಿಕಿರಣ ಸೂಸುವ ಇರಿಡಿಯಂ-192ರ ಪುಟ್ಟ ಆಕರವನ್ನೇ ಗೆಡ್ಡೆಯ ಬಳಿ ಸ್ವಲ್ಪ ಹೊತ್ತು ಇರಿಸಿ ತೆಗೆಯುತ್ತೇವೆ.

ಚಿಕಿತ್ಸೆಯ ನಂತರ ಮಗುವನ್ನು ಎತ್ತಿಕೊಳ್ಳಬಹುದೇ ಎಂದು ಆತಂಕದಿಂದ ಕೇಳುವವರು ಬಹಳ. ಯಂತ್ರದಿಂದ ಎಕ್ಸ್-ರೇ ಚಿಕಿತ್ಸೆ ಪಡೆದವರು ಖಂಡಿತ ಎತ್ತಿಕೊಳ್ಳಬಹುದು. ಯಂತ್ರ ನಿಂತ ಕ್ಷಣಕ್ಕೆ ಕಿರಣವೂ ನಿಲ್ಲುತ್ತದೆ, ಮೈಯಲ್ಲಿ ಏನೂ ಉಳಿಯುವುದಿಲ್ಲ. ಥೈರಾಯ್ಡ್ ಕ್ಯಾನ್ಸರಿಗೆ ಅಯೋಡಿನ್-131 ನುಂಗಿದವರ ವಿಷಯ ಬೇರೆ. ಅದರಿಂದ ಹೊರಡುವ ಬೀಟಾ ಕಣ, ಅಂದರೆ ವೇಗದ ಎಲೆಕ್ಟ್ರಾನ್, ಒಂದೆರಡು ಮಿಲಿಮೀಟರಿನೊಳಗೆ ಥೈರಾಯ್ಡ್ ಕೋಶಗಳನ್ನು ನಾಶ ಮಾಡಿದರೆ, ಜೊತೆಗೇ ಹೊರಡುವ, ಎಕ್ಸ್-ರೇಯಂಥದೇ ಆದ ಗಾಮಾ ಕಿರಣ ದೇಹ ದಾಟಿ ಪಕ್ಕದವರನ್ನೂ ತಲುಪುತ್ತದೆ. ಈ ಅಯೋಡಿನ್ನಿನ ಅರ್ಧಾಯು, ಅಂದರೆ ಅದರಲ್ಲಿ ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ, ಸುಮಾರು 8 ದಿನ. ಹೆಚ್ಚಿನ ಭಾಗ ಮೂತ್ರದಲ್ಲಿ ಹೊರಹೋಗುವುದರಿಂದ ನೀರು ಚೆನ್ನಾಗಿ ಕುಡಿಯಬೇಕು, ವೈದ್ಯರು ಹೇಳಿದಷ್ಟು ದಿನ ಮಕ್ಕಳಿಂದಲೂ ಗರ್ಭಿಣಿಯರಿಂದಲೂ ದೂರವಿರಬೇಕು.