ಮಲ್ಟಿ-ಎಫೆಕ್ಟ್ಸ್ ಪ್ರೊಸೆಸರ್: ಖಾಲಿ ಪ್ಯಾಚ್‌ನಿಂದ ಶುರು ಮಾಡೋಣ

ಮಲ್ಟಿ-ಎಫೆಕ್ಟ್ಸ್ ಪ್ರೊಸೆಸರ್ ಅಂದರೆ ಎಲೆಕ್ಟ್ರಿಕ್ ಗಿಟಾರಿನ ದನಿ ಬದಲಿಸುವ ಹಲವು ಎಫೆಕ್ಟ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೊಡುವ ಯಂತ್ರ. ಅದು ಹೊಸದಾಗಿ ಮನೆಗೆ ಬಂದಾಗ ನಾವೆಲ್ಲ ಮಾಡುವುದು ಒಂದೇ ಕೆಲಸ. ಹೆಡ್‌ಫೋನ್ ಹಾಕಿಕೊಂಡು ಮೊದಲ ಪ್ಯಾಚ್‌ನಿಂದ (ಪ್ಯಾಚ್ ಅಂದರೆ ಒಟ್ಟಿಗೆ ಉಳಿಸಿಟ್ಟ ಸೆಟ್ಟಿಂಗ್‌ಗಳ ಗುಂಪು) ಕೊನೆಯದರವರೆಗೆ ಒತ್ತುತ್ತಾ ಹೋಗುವುದು. ಬಾಸ್ ಜಿಟಿ-1 ತರಹದ ಪುಟ್ಟ ಯಂತ್ರದಲ್ಲೇ ಕಂಪನಿಯವರು ಮಾಡಿಟ್ಟ 99 ಪ್ಯಾಚ್ ಇವೆ. ಒಂಟಿಯಾಗಿ ಕೇಳಿದಾಗ ಒಂದಕ್ಕಿಂತ ಒಂದು ಭರ್ಜರಿ. ಅದೇ ಪ್ಯಾಚನ್ನು ತಬಲಾ, ಕೀಬೋರ್ಡ್, ಡ್ರಮ್ಸ್ ಜೊತೆ ನುಡಿಸಿ ನೋಡಿ. ಗಿಟಾರ್ ಬಾವಿಯೊಳಗಿಂದ ಕೇಳಿಸಿದ ಹಾಗಿರುತ್ತದೆ. ರಿವರ್ಬ್ (ಕೋಣೆಯ ಗುಂಗು), ಡಿಲೇ (ಪ್ರತಿಧ್ವನಿ), ಗೇನ್ (ದನಿ ಒಡೆಯುವ ಹಾಗೆ ಏರಿಸುವುದು) ಎಲ್ಲವೂ ಅಷ್ಟು ಜಾಸ್ತಿ ಸುರಿದಿರುತ್ತಾರೆ.

ಹಾಗಾಗಿ ಈ ಟಿಪ್ಪಣಿಯಲ್ಲಿ ಖಾಲಿ ಪ್ಯಾಚ್‌ನಿಂದ ಶುರು ಮಾಡುತ್ತೇನೆ. ಎಲ್ಲ ಎಫೆಕ್ಟ್ ಆಫ್. ಒಂದೊಂದನ್ನೇ ಸೇರಿಸುತ್ತಾ ಹೋಗೋಣ. ನನ್ನ ಹತ್ತಿರ ಇರುವುದು ಜಿಟಿ-1. ನಿಮ್ಮದು ಬೇರೆ ಕಂಪನಿಯದು, ಝೂಮ್ ಆಗಿರಬಹುದು, ಲೈನ್ 6 ಆಗಿರಬಹುದು. ಮೆನು ಹೆಸರು ಬದಲಾಗುತ್ತದೆ, ಒಳಗಿನ ಲೆಕ್ಕ ಅದೇ.

ಮೊದಲ ಪ್ರಶ್ನೆ: ಸ್ಪೀಕರ್ ಎಲ್ಲಿದೆ?

ಎರಡು ವರ್ಷದ ಹಿಂದೆ ನಮ್ಮ ಬಡಾವಣೆಯ ಗಣೇಶೋತ್ಸವದಲ್ಲಿ ವಾದ್ಯಗೋಷ್ಠಿ ಇತ್ತು. ಮನೆಯಲ್ಲಿ ಪ್ರಾಕ್ಟೀಸ್ ಆಂಪ್‌ಗೆ, ಅಂದರೆ ಸ್ಪೀಕರ್ ಇರುವ ಸಣ್ಣ ಗಿಟಾರ್ ಆಂಪ್ಲಿಫೈಯರ್‌ಗೆ, ಪ್ರೊಸೆಸರ್ ಹಾಕಿ ಪ್ಯಾಚ್ ಮಾಡಿಕೊಂಡಿದ್ದೆ. ಅಲ್ಲಿ ಆಂಪ್ ಇರಲಿಲ್ಲ, ನೇರ ಸೌಂಡ್ ಮಿಕ್ಸರ್‌ಗೆ ಕೊಟ್ಟೆ. ಮೊದಲ ಹಾಡಿನ ಲೀಡ್, ಅಂದರೆ ಗಿಟಾರ್ ಮುಂದೆ ಬಂದು ನುಡಿಸುವ ಭಾಗ, ಬಂತು. ತಗಡಿನ ಡಬ್ಬಿಯಲ್ಲಿ ಕಣಜ ಸಿಕ್ಕಿಹಾಕಿಕೊಂಡ ಹಾಗೆ ಸದ್ದು. ಸೌಂಡ್‌ನವರು ಟ್ರೆಬಲ್ ಇಳಿಸಿದರು. ಗಿಟಾರ್ ಮಂಕಾಯಿತು, ಗುಂಯ್ ಅನ್ನುವುದು ಮಾತ್ರ ಹೋಗಲಿಲ್ಲ. ವಿರಾಮದಲ್ಲಿ ಕೀಬೋರ್ಡ್ ನುಡಿಸುವ ಅಣ್ಣ ಬಂದು ಪಕ್ಕದಲ್ಲಿ ಕೂತು ಕೇಳಿದರು: "ನಿಂದು ಸ್ಪೀಕರ್ ಎಲ್ಲಿದೆಯಪ್ಪಾ?"

ಅದೊಂದು ಪ್ರಶ್ನೆ ನನಗೆ ಎಷ್ಟೋ ವಿಷಯ ಬಿಡಿಸಿ ಹೇಳಿತು. ಮನೆಯಲ್ಲಿ ಆಂಪ್‌ನ ಸ್ಪೀಕರ್ ಇತ್ತು. ಅದಕ್ಕೇ ಪ್ರೊಸೆಸರ್ ಒಳಗಿನ ಕ್ಯಾಬ್ (ಕ್ಯಾಬಿನೆಟ್, ಅಂದರೆ ಸ್ಪೀಕರ್ ಪೆಟ್ಟಿಗೆಯ ನಕಲು) ಕೆಲಸ ಮಾಡದಂತೆ ಸೆಟ್ ಮಾಡಿದ್ದೆ. ಮಿಕ್ಸರ್‌ಗೆ ಹಾಕಿದಾಗ ಗಿಟಾರ್ ಸ್ಪೀಕರ್ ಅನ್ನುವುದು ಎಲ್ಲೂ ಇರಲಿಲ್ಲ. ಔಟ್‌ಪುಟ್ ಸೆಟ್ಟಿಂಗನ್ನು ಲೈನ್/ಫೋನ್ಸ್‌ಗೆ ಬದಲಾಯಿಸಿದೆವು. ದ್ವಿತೀಯಾರ್ಧದಲ್ಲಿ ಅದೇ ಪ್ಯಾಚ್, ಅದೇ ಗಿಟಾರ್, ಬೇರೆಯದೇ ದನಿ.

ಕಾರಣ ಇಷ್ಟು. ಗಿಟಾರ್ ಆಂಪ್‌ನ 12 ಇಂಚಿನ ಸ್ಪೀಕರ್ ಹಾಡು ಕೇಳುವ ಸ್ಪೀಕರ್ ತರಹ ಅಲ್ಲ. ಸುಮಾರು 5,000 ಹರ್ಟ್ಸ್ ದಾಟಿದ ಮೇಲೆ ಅದರ ದನಿ ಬೇಗ ಕುಸಿಯುತ್ತದೆ. ಡಿಸ್ಟಾರ್ಷನ್ ಮಾಡಿದಾಗ, ಅಂದರೆ ದನಿಯನ್ನು ಬೇಕೆಂದೇ ಒಡೆದಾಗ, ಮೂಲ ಸ್ವರದ ಮೇಲೆ ಇನ್ನೂ ಎಷ್ಟೋ ಎತ್ತರದ ಸ್ವರಗಳು ಹುಟ್ಟುತ್ತವೆ. ಸ್ಪೀಕರ್ ಅವನ್ನೆಲ್ಲ ಜರಡಿ ಹಿಡಿದ ಹಾಗೆ ತಡೆಯುತ್ತದೆ. ಜರಡಿ ತೆಗೆದರೆ ಕಣಜ.

ಪ್ರೊಸೆಸರ್ ಒಳಗೆ ಈ ಕೆಲಸ ಮಾಡುವುದೇ ಕ್ಯಾಬ್ ಬ್ಲಾಕ್. ಈಗಿನ ಹಲವು ಯಂತ್ರಗಳಲ್ಲಿ ಅದು ಐಆರ್ ರೂಪದಲ್ಲಿರುತ್ತದೆ, ಅಂದರೆ ಇಂಪಲ್ಸ್ ರೆಸ್ಪಾನ್ಸ್. ಖಾಲಿ ಕಲ್ಯಾಣ ಮಂಟಪದಲ್ಲಿ ಒಂದು ಚಪ್ಪಾಳೆ ತಟ್ಟಿ ನೋಡಿ. ಆ ಹಾಲ್ ಹೇಗೆ ಉತ್ತರ ಕೊಡುತ್ತದೆ ಅನ್ನುವುದು ಆ ಒಂದೇ ಸದ್ದಿನಲ್ಲಿ ಗೊತ್ತಾಗುತ್ತದೆ. ಹಾಗೆಯೇ ಒಂದು ಸ್ಪೀಕರ್ ಮುಂದೆ ಮೈಕ್ ಇಟ್ಟು, ಆ ಜೋಡಿ ಸದ್ದಿಗೆ ಕೊಡುವ ಉತ್ತರವನ್ನು ಅಳೆದು ಇಟ್ಟುಕೊಳ್ಳುತ್ತಾರೆ. ಆಮೇಲೆ ನಿಮ್ಮ ಗಿಟಾರ್ ಸದ್ದು ಆ ಉತ್ತರದ ಮೂಲಕವೇ ಹೊರಗೆ ಬರುತ್ತದೆ. ಮೈಕನ್ನು ಸ್ಪೀಕರ್‌ನ ನಡುಮಧ್ಯಕ್ಕೆ ಇಟ್ಟರೆ ದನಿ ಚುರುಕು, ಅಂಚಿನ ಕಡೆ ಸರಿಸಿದರೆ ಮೆತ್ತಗೆ. ಈ ಒಂದು ಸೆಟ್ಟಿಂಗ್ ಟ್ರೆಬಲ್ ನಾಬ್‌ಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಆದ್ದರಿಂದ ದನಿ ಇಷ್ಟವಾಗದಿದ್ದರೆ ಆಂಪ್ ಬದಲಾಯಿಸುವ ಮೊದಲು ಕ್ಯಾಬ್ ಬದಲಾಯಿಸಿ ನೋಡಿ.

ಮಿಕ್ಸರ್, ಹೆಡ್‌ಫೋನ್, ಕಂಪ್ಯೂಟರ್ ಮುಂದಿದ್ದರೆ ಕ್ಯಾಬ್ ಆನ್. ನಿಜವಾದ ಗಿಟಾರ್ ಆಂಪ್ ಮುಂದಿದ್ದರೆ ಆಫ್, ಇಲ್ಲದಿದ್ದರೆ ಎರಡೆರಡು ಸ್ಪೀಕರ್ ಆಗಿ ಕಂಬಳಿ ಹೊದಿಸಿದ ಹಾಗೆ ಕೇಳಿಸುತ್ತದೆ. ಆಂಪ್‌ನ ಹಿಂದೆ ರಿಟರ್ನ್ ಅನ್ನುವ ಜ್ಯಾಕ್ ಇದ್ದರೆ ಅಲ್ಲಿಗೆ ಹಾಕುವುದು ಒಳ್ಳೆಯದು. ಮುಂದಿನ ಇನ್‌ಪುಟ್‌ಗೆ ಹಾಕಿದರೆ ಆಂಪ್‌ನ ಪ್ರಿಆಂಪ್ (ದನಿ ಹದ ಮಾಡುವ ಅದರ ಮೊದಲ ಹಂತ) ಕೂಡ ತನ್ನ ಬಣ್ಣ ಬಳಿಯುತ್ತದೆ.

ಆಂಪ್ ಮಾಡೆಲ್ ಅಂದರೆ

ನಿಜವಾದ ಆಂಪ್‌ನ ದನಿಯನ್ನು ಪ್ರೊಸೆಸರ್ ಒಳಗೆ ನಕಲು ಮಾಡುವುದೇ ಆಂಪ್ ಮಾಡೆಲ್. ಇಂಥ ನಕಲು ಮಾಡುವ ರೋಲ್ಯಾಂಡ್‌ನ ವಿಜಿ-8 ಬಂದದ್ದು 1995ರಲ್ಲಿ. ಕೆಂಪು ಬಣ್ಣದ, ರಾಜ್ಮಾ ಕಾಳಿನ ಆಕಾರದ ಲೈನ್ 6 ಪಾಡ್ 1998ರಲ್ಲಿ. ಆಂಪ್ ಹೊತ್ತುಕೊಂಡು ಹೋಗದೆ ರೆಕಾರ್ಡಿಂಗ್ ಮಾಡಬಹುದು ಅನ್ನುವುದನ್ನು ಮನೆಮನೆಗೆ ತಲುಪಿಸಿದ್ದು ಪಾಡ್. ಆಮೇಲೆ ಫ್ರ್ಯಾಕ್ಟಲ್, ಕೆಂಪರ್ ಕಂಪನಿಗಳ ಯಂತ್ರಗಳು ಬಂದವು. ಈಗ ನ್ಯೂರಲ್ ನೆಟ್‌ವರ್ಕ್‌ಗೆ ನಿಜವಾದ ಆಂಪ್‌ನ ದನಿ ಕೇಳಿಸಿ ಕಲಿಸುವ ಕಾಲ. ನಮಗೆ ಬೇಕಾದದ್ದು ಮಾಡೆಲ್ ಏನನ್ನು ನಕಲು ಮಾಡುತ್ತದೆ ಅನ್ನುವ ತಿಳಿವಳಿಕೆ.

ಬ್ರ್ಯಾಂಡ್ ಹೆಸರನ್ನು ನೇರವಾಗಿ ಹಾಕುವಂತಿಲ್ಲವಾದ್ದರಿಂದ ಮೆನುವಿನಲ್ಲಿ ಸುತ್ತುಬಳಸಿ ಬರೆದಿರುತ್ತಾರೆ. ಬಾಸ್ ಯಂತ್ರಗಳಲ್ಲಿ ಎಂಎಸ್ ಅಂತ ಶುರುವಾದರೆ ಮಾರ್ಷಲ್, ವಿಓ ಅಂತಿದ್ದರೆ ವೋಕ್ಸ್. ಜೆಸಿ-120 ಮಾತ್ರ ಅದೇ ಹೆಸರಲ್ಲಿರುತ್ತದೆ, ಏಕೆಂದರೆ ಬಾಸ್ ಮತ್ತು ರೋಲ್ಯಾಂಡ್ ಒಂದೇ ಮನೆ.

ಹತ್ತಾರು ಮಾಡೆಲ್ ಇದ್ದರೂ ನಾಲ್ಕು ಮನೆತನ ಗೊತ್ತಿದ್ದರೆ ಸಾಕು. ಫೆಂಡರ್ ಟ್ವಿನ್ ರಿವರ್ಬ್ ಅಮೆರಿಕದ್ದು: ಸ್ವಚ್ಛ ದನಿ, ಗಂಟೆಯಂಥ ಮೇಲ್‌ಸ್ವರ. ಇದರಲ್ಲಿ ಬೇಸ್, ಮಿಡ್ (ನಡುಸ್ವರ), ಟ್ರೆಬಲ್ ಮೂರನ್ನೂ 5ಕ್ಕೆ ಇಟ್ಟರೂ ಮಿಡ್ ತಗ್ಗಿಯೇ ಇರುತ್ತದೆ. ಆಂಪ್‌ನ ಸರ್ಕ್ಯೂಟೇ ಹಾಗೆ. 5 ಅಂದರೆ ಸಮ ಅಂತ ನಂಬಿಕೊಂಡು ನಾನು ತಿಂಗಳುಗಟ್ಟಲೆ ಮಿಡ್ ಇಲ್ಲದೆ ನುಡಿಸಿದ್ದೇನೆ. ಮಾರ್ಷಲ್ ಇಂಗ್ಲೆಂಡಿನದು. 1962ರಲ್ಲಿ ಲಂಡನ್ನಿನಲ್ಲಿ ತಯಾರಾದ ಜೆಟಿಎಂ-45 ಆಂಪ್ ಫೆಂಡರ್ ಬೇಸ್‌ಮ್ಯಾನ್ ಸರ್ಕ್ಯೂಟನ್ನೇ ಆಧರಿಸಿತ್ತು. ಅಲ್ಲಿಂದ ಬೆಳೆದ ಮನೆತನದ ಗುಣ ಅಂದರೆ ಎದೆಯುಬ್ಬಿಸಿ ನಿಂತ ಮಿಡ್, ರಾಕ್ ಹಾಡಿನ ಗರ್ಜನೆ. ವೋಕ್ಸ್ ಎಸಿ-30 ಕೂಡ ಇಂಗ್ಲೆಂಡಿನದೇ. ಅದು ಸ್ವಲ್ಪ ಒಡೆದ, ಮಿನುಗುವ ದನಿ. ಜಪಾನಿನ ಜೆಸಿ-120ರಲ್ಲಿ ಹಳೆಯ ರೇಡಿಯೋದಲ್ಲಿದ್ದಂಥ ಗಾಜಿನ ವ್ಯಾಲ್ವ್ ಇಲ್ಲವೇ ಇಲ್ಲ, ಎಲ್ಲ ಟ್ರಾನ್ಸಿಸ್ಟರ್. 1975ರಲ್ಲಿ ಬಂದ ಈ ಆಂಪ್‌ನ ಕೋರಸ್ (ಒಂದೇ ದನಿಯನ್ನು ಹಲವರು ನುಡಿಸಿದ ಹಾಗೆ ಕೇಳಿಸುವ ಎಫೆಕ್ಟ್) ಇವತ್ತಿಗೂ ಮೆಲೋಡಿ ಹಾಡುಗಳ ಆರ್ಪೆಜಿಯೊಗೆ, ಅಂದರೆ ಕಾರ್ಡಿನ ಸ್ವರಗಳನ್ನು ಒಂದೊಂದಾಗಿ ಮೀಟುವುದಕ್ಕೆ, ಹೇಳಿ ಮಾಡಿಸಿದ ಹಾಗಿದೆ. ಮೆಟಲ್ ನುಡಿಸುವವರು ಮೆಸಾ ಬೂಗಿಯ ರೆಕ್ಟಿಫೈಯರ್ ಮಾಡೆಲನ್ನೂ ಸೇರಿಸಿಕೊಳ್ಳಿ.

ಸಾಲು

ಎಫೆಕ್ಟ್‌ಗಳನ್ನು ಜೋಡಿಸುವ ಸಾಲು ಹೀಗೆ: ಗೇಟ್, ಕಂಪ್ರೆಸರ್, ವಾ (ದನಿಯನ್ನು ‘ವಾ-ವಾ’ ಅನ್ನಿಸುವ ಪೆಡಲ್), ಡ್ರೈವ್ (ದನಿ ಒಡೆಯುವ ಪೆಡಲ್), ಆಂಪ್, ಕ್ಯಾಬ್, ಕೋರಸ್, ಡಿಲೇ, ರಿವರ್ಬ್. ಇದನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಸದ್ದು ನಿಜವಾಗಿ ನಡೆದುಕೊಂಡು ಹೋಗುವ ದಾರಿ ನೆನಪಿಸಿಕೊಳ್ಳಿ. ಬೆರಳು, ಕಾಲಡಿಯ ಪೆಡಲ್, ಆಂಪ್, ಸ್ಪೀಕರ್, ಕೊನೆಗೆ ಕೋಣೆ. ಡಿಲೇ, ರಿವರ್ಬ್ ಅಂದರೆ ಕೋಣೆ ಅಥವಾ ಬೆಟ್ಟ. ಬೆಟ್ಟದ ಪ್ರತಿಧ್ವನಿ ಆಂಪ್ ಒಳಗೆ ಹೋಗುವುದಿಲ್ಲ, ಅಲ್ವಾ?

ಸುಮ್ನೆ ಒಮ್ಮೆ ತಿರುಗಾಮುರುಗಾ ಮಾಡಿ ಕೇಳಿ. ಜಾಸ್ತಿ ಗೇನ್ ಇರುವ ಆಂಪ್‌ನ ಮುಂದೆ ಡಿಲೇ ಇಡಿ. ನೀವು ಈಗ ಮೀಟಿದ ಸ್ವರ, ಹಿಂದಿನ ಸ್ವರದ ಪ್ರತಿಧ್ವನಿ ಎರಡೂ ಒಟ್ಟಿಗೆ ಡಿಸ್ಟಾರ್ಷನ್‌ಗೆ ಹೋಗಿ ಕಲಸಿ ಮುದ್ದೆಯಾಗುತ್ತವೆ. ಡಿಲೇಯನ್ನು ಕ್ಯಾಬ್ ಆದಮೇಲೆ ಇಡಿ. ಪ್ರತಿ ಪ್ರತಿಧ್ವನಿಯೂ ಬಿಡಿಬಿಡಿ.

ಗೇಟ್ ಬಗ್ಗೆ ನಮ್ಮ ಕಡೆಯವರಿಗೆ ಒಂದು ವಿಶೇಷ ಮಾತು. ತಂತಿ ಎಳೆದು ಗಮಕ ತೆಗೆಯುವವರು, ಜಾರು ನುಡಿಸುವವರು ಗೇಟ್‌ನ ಥ್ರೆಶೋಲ್ಡ್ ತೀರಾ ಮೇಲಿಡಬೇಡಿ. ಗೇಟ್ ಅನ್ನುವುದು ಸದ್ದು ಒಂದು ಮಟ್ಟಕ್ಕಿಂತ ಇಳಿದ ಕೂಡಲೇ ಬಾಗಿಲು ಮುಚ್ಚುವ ಕಾವಲುಗಾರ. ಜಾರಿನ ಕೊನೆಯಲ್ಲಿ ಸ್ವರ ತಾನಾಗಿ ಸಣ್ಣದಾಗುತ್ತದೆ. ನಿಜವಾದ ರಸ ಅಲ್ಲೇ ಇರುವುದು. ಗೇಟ್ ಅದನ್ನೇ ಕತ್ತರಿಸಿ ಹಾಕುತ್ತದೆ. ಏನೂ ನುಡಿಸದೆ ಕೈ ತಂತಿಯ ಮೇಲೆ ಇಟ್ಟುಕೊಂಡು, ಹಿಸ್ಸ್ ಅನ್ನುವುದು ಈಗಷ್ಟೇ ನಿಲ್ಲುವ ತನಕ ಏರಿಸಿ, ಅಲ್ಲಿಗೆ ಬಿಡಿ. ಗಮಕಕ್ಕೆ ಉಸಿರು ಬೇಕಾದರೆ ಕಂಪ್ರೆಸರ್ ಹಾಕಿ. ಮೀಟಿದ ಪೆಟ್ಟನ್ನು ಅದು ತಗ್ಗಿಸುತ್ತದೆ, ಬಾಲವನ್ನು ಎತ್ತಿ ಹಿಡಿಯುತ್ತದೆ. ಸ್ವರ ಎಳೆಯಲು ಸಮಯ ಸಿಗುತ್ತದೆ.

ಒಂದು ಲೀಡ್ ಪ್ಯಾಚ್ ಕಟ್ಟೋಣ

ಮಾರ್ಷಲ್ ಮಾಡೆಲ್, ಅದಕ್ಕೆ ನಾಲ್ಕು ಸ್ಪೀಕರಿನ ಕ್ಯಾಬ್. ಗೇನ್ ಅನ್ನು ನಿಮಗೆ ಖುಷಿ ಕೊಡುವಷ್ಟು ಏರಿಸಿ. ಈಗ ಅದರಲ್ಲಿ ಮೂರನೇ ಒಂದು ಭಾಗ ಇಳಿಸಿ. ಹೌದು, ಒಂಟಿಯಾಗಿ ಕೇಳುವಾಗ ಒಣಗಿದ ಹಾಗೆ ಅನಿಸುತ್ತದೆ. ಬ್ಯಾಂಡ್‌ನಲ್ಲಿ ಇದೇ ಸ್ಪಷ್ಟವಾಗಿ ಕೇಳಿಸುವುದು. ಬೇಸ್ 4, ಮಿಡ್ 6 ಅಥವಾ 7, ಟ್ರೆಬಲ್ 5.

ಇನ್ನೂ ಬಿಗಿ ಬೇಕಾ? ಆಂಪ್ ಮುಂದೆ ಟ್ಯೂಬ್ ಸ್ಕ್ರೀಮರ್ ಮಾದರಿಯ ಹಸಿರು ಪೆಡಲ್ ಇಡಿ. ಅದರ ಡ್ರೈವ್ ಹೆಚ್ಚುಕಡಿಮೆ ಸೊನ್ನೆ, ಲೆವೆಲ್ 8ರ ಆಸುಪಾಸು. ಆ ಪೆಡಲ್ ಕೆಳಸ್ವರ ಕಡಿಮೆ ಮಾಡಿ ಮಿಡ್ ಉಬ್ಬಿಸಿ ಆಂಪ್‌ನ ಬಾಯಿಗೆ ತಳ್ಳುತ್ತದೆ. ಡಿಸ್ಟಾರ್ಷನ್ ಮಾಡುವುದು ಆಂಪ್, ದಾರಿ ಹದ ಮಾಡುವುದು ಪೆಡಲ್. ಎರಡರಲ್ಲೂ ಗೇನ್ ಏರಿಸಿದರೆ ಮತ್ತೆ ಮುದ್ದೆಯೇ.

ಕ್ಯಾಬ್ ನಂತರ ಒಂದು ಈಕ್ಯೂ, ಅಂದರೆ ಕೆಳಸ್ವರ, ಮೇಲ್‌ಸ್ವರ ಎಷ್ಟಿರಬೇಕೆಂದು ಹೊಂದಿಸುವ ಈಕ್ವಲೈಸರ್. 100 ಹರ್ಟ್ಸ್ ಕೆಳಗಿನದನ್ನು ಲೋ ಕಟ್ ಮಾಡಿ. ಗಿಟಾರಿನ ದಪ್ಪ ತಂತಿ ಸುಮಾರು 82 ಹರ್ಟ್ಸ್‌ನಲ್ಲಿ ನುಡಿಯುತ್ತದೆ, ನಿಜ. ಆದರೆ ಆ ಜಾಗ ಬೇಸ್ ಗಿಟಾರ್ ಮತ್ತು ಕಿಕ್ ಡ್ರಮ್‌ಗೆ ಬಿಟ್ಟುಕೊಟ್ಟರೆ ಎಲ್ಲರೂ ಕೇಳಿಸುತ್ತಾರೆ. ಮೇಲುಗಡೆ 6,000ದಿಂದ 7,000 ಹರ್ಟ್ಸ್ ಹತ್ತಿರ ಹೈ ಕಟ್.

ಡಿಲೇಗೆ ಲೆಕ್ಕ ಸುಲಭ. 60,000ವನ್ನು ಹಾಡಿನ ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್ ಅನ್ನುವ ಸಂಖ್ಯೆ) ಭಾಗಿಸಿ. 120 ಬಿಪಿಎಂ ಆದರೆ ಒಂದು ಬೀಟ್‌ಗೆ 500 ಮಿಲಿಸೆಕೆಂಡ್. ಅದರ ಮುಕ್ಕಾಲು ಭಾಗ, 375, ಪಾಪ್ ಹಾಡುಗಳಲ್ಲಿ ಕುಣಿಯುವ ಡಿಲೇ. ಆದರೆ ನಮ್ಮ ಎಷ್ಟೋ ಸಿನಿಮಾ ಹಾಡು, ಭಾವಗೀತೆಗಳು ದಾದ್ರಾದ ಆರು ಮಾತ್ರೆಯ ನಡೆಯಲ್ಲಿ ಇರುತ್ತವೆ. ಅಲ್ಲಿ ಈ ಮುಕ್ಕಾಲಿನ ಲೆಕ್ಕ ತಾಳಕ್ಕೆ ಅಡ್ಡ ಬರುತ್ತದೆ. ಆರು ಮಾತ್ರೆಯಲ್ಲಿ ಒಂದು ಮಾತ್ರೆಯನ್ನೇ ಎಣಿಸಿ. ನಿಮಿಷಕ್ಕೆ 180 ಮಾತ್ರೆ ಬಂದರೆ 333 ಮಿಲಿಸೆಕೆಂಡ್, ಇಲ್ಲವೇ ಮೂರು ಮಾತ್ರೆಗೆ ಒಂದು, ಅಂದರೆ 1,000. ತಬಲಾದವರು ಇದನ್ನು ತಕ್ಷಣ ಗಮನಿಸುತ್ತಾರೆ.

ರಿವರ್ಬ್ ಕೊನೆಗೆ, ಇದೆಯೋ ಇಲ್ಲವೋ ಅನ್ನುವಷ್ಟು. ಕಲ್ಯಾಣ ಮಂಟಪ ತನ್ನದನ್ನು ತಾನೇ ಸೇರಿಸುತ್ತದೆ.

ವಾಲ್ಯೂಮ್ ಮೋಸ

ರಾತ್ರಿ ಸಣ್ಣ ವಾಲ್ಯೂಮ್‌ನಲ್ಲಿ ಮಾಡಿದ ಪ್ಯಾಚ್ ವೇದಿಕೆಯಲ್ಲಿ ಕಿವಿ ಚುಚ್ಚುತ್ತದೆ. ಇದಕ್ಕೆ ಕಾರಣವನ್ನು ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಸದ್ದು ಸಣ್ಣದಿದ್ದಾಗ ನಮ್ಮ ಕಿವಿಗೆ ಕೆಳಸ್ವರ ಕಡಿಮೆ ಕೇಳಿಸುತ್ತದೆ, ತೀರಾ ಮೇಲಿನದೂ ಅಷ್ಟೇ. ನಾವು ಆ ಕೊರತೆ ತುಂಬಲು ಬೇಸ್, ಟ್ರೆಬಲ್ ಏರಿಸುತ್ತೇವೆ. ದೊಡ್ಡ ಸದ್ದಿನಲ್ಲಿ ಕಿವಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ, ಏರಿಸಿದ್ದು ಜಾಸ್ತಿಯಾಗುತ್ತದೆ. ಸಾಧ್ಯವಾದರೆ ಸೌಂಡ್ ಚೆಕ್‌ನ ಐದು ನಿಮಿಷ ಇದಕ್ಕೇ ಇಡಿ. ಪ್ಯಾಚ್‌ಗಳ ಮಟ್ಟ ಸರಿದೂಗಿಸುವುದೂ ಅಲ್ಲೇ. ಕ್ಲೀನ್ ಪ್ಯಾಚನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ, ಡಿಸ್ಟಾರ್ಷನ್ ರಿದಮ್ ಅದಕ್ಕೆ ಸಮ, ಲೀಡ್ ಸುಮಾರು 3 ಡೆಸಿಬಲ್ ಮೇಲೆ.

ಇನ್ನು ಪ್ಯಾಚ್ ಬದಲಾಯಿಸುವಾಗ ಹಲವು ಯಂತ್ರಗಳಲ್ಲಿ ಕಣ್ಣು ಮಿಟುಕಿಸುವಷ್ಟು ಮೌನ ಬರುತ್ತದೆ, ಡಿಲೇಯ ಬಾಲವೂ ತುಂಡಾಗಬಹುದು. ಒಂದೇ ಹಾಡಿನೊಳಗೆ ಪ್ಯಾಚ್ ಬದಲಾಯಿಸುವ ಬದಲು, ಒಂದು ಪ್ಯಾಚ್ ಒಳಗೇ ಡ್ರೈವ್ ಮತ್ತು ಡಿಲೇಯನ್ನು ಕಾಲಿನ ಸ್ವಿಚ್‌ಗೆ ಕಟ್ಟಿಕೊಳ್ಳಿ. ಲೈನ್ 6 ಹೀಲಿಕ್ಸ್‌ನಂಥ ದೊಡ್ಡ ಯಂತ್ರಗಳಲ್ಲಿ ಇದಕ್ಕೆಂದೇ ಸ್ನ್ಯಾಪ್‌ಶಾಟ್ ಅನ್ನುವ ಅನುಕೂಲ ಇದೆ.

ಕರೆಂಟಿನ ವಿಷಯ: ಬಾಸ್, ಝೂಮ್‌ನ ಸಣ್ಣ ಯಂತ್ರಗಳು ಸಾಮಾನ್ಯವಾಗಿ 9 ವೋಲ್ಟ್, ಪಿನ್ನಿನ ಮಧ್ಯದಲ್ಲಿ ಮೈನಸ್. ವೇದಿಕೆಯಲ್ಲಿ ಕೈಗೆ ಸಿಗುವ ಕೀಬೋರ್ಡ್ ಅಡಾಪ್ಟರ್ ಎಷ್ಟೋ ಸಲ 12 ವೋಲ್ಟ್, ಮಧ್ಯದಲ್ಲಿ ಪ್ಲಸ್. ಪಿನ್ ಕೂತಿತು ಅಂತ ಚುಚ್ಚಬೇಡಿ. ಅಡಾಪ್ಟರ್ ಮೇಲಿನ ಚಿತ್ರ ಓದಿ. ಜಿಟಿ-1 ನಾಲ್ಕು ಡಬಲ್ ಎ ಸೆಲ್‌ನಲ್ಲೂ ನಡೆಯುತ್ತದೆ, ಬ್ಯಾಗಿನಲ್ಲಿ ಒಂದು ಸೆಟ್ ಇರಲಿ.

ಅಭ್ಯಾಸಕ್ಕೆ ಇದೊಂದನ್ನು ಮಾಡಿ ನೋಡಿ. ನಿಮ್ಮ ಯಂತ್ರದಲ್ಲಿ ಲೂಪರನ್ನು (ನುಡಿಸಿದ್ದನ್ನು ತುಂಬಿಕೊಂಡು ಮತ್ತೆ ಮತ್ತೆ ಕೇಳಿಸುವ ಭಾಗ) ಸಾಲಿನ ಮೊದಲಿಗೆ ಇಡಲು ಬರುವುದಾದರೆ, ಎಲ್ಲ ಎಫೆಕ್ಟ್ ಆಫ್ ಮಾಡಿ ಹತ್ತು ಸೆಕೆಂಡ್ ನುಡಿಸಿ ತುಂಬಿಕೊಳ್ಳಿ. ಅದು ಸುತ್ತುತ್ತಿರಲಿ. ಗಿಟಾರ್ ಪಕ್ಕಕ್ಕಿಡಿ. ಈಗ ಎರಡೂ ಕೈ ಖಾಲಿ. ಒಂದೇ ನಾಬ್ ಹಿಡಿದು ಸೊನ್ನೆಯಿಂದ ಹತ್ತರವರೆಗೆ ನಿಧಾನವಾಗಿ ತಿರುಗಿಸಿ, ಏನು ಬದಲಾಯಿತು ಅಂತ ನೋಟ್‌ಬುಕ್‌ನಲ್ಲಿ ಒಂದು ಸಾಲು ಬರೆಯಿರಿ. ದಿನಕ್ಕೆ ಒಂದು ನಾಬ್. ನಾನು ಮೊದಲು ಶುರು ಮಾಡಿದ್ದು ಮಿಡ್‌ನಿಂದ.