ನಮ್ಮ ರಾಗಿ, ನಮ್ಮ ಮಳೆ ಮತ್ತು ಆಫ್ರಿಕಾದ ಮಲೆನಾಡು

ಕರ್ನಾಟಕದಲ್ಲಿ ಮುಳ್ಳಯ್ಯನಗಿರಿಗಿಂತ ಎತ್ತರದ ಜಾಗ ಇಲ್ಲ. ಅದರ ತುದಿ ಸುಮಾರು 1,930 ಮೀಟರ್. ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬ ಇರುವುದು ಅದಕ್ಕಿಂತ ಸುಮಾರು 400 ಮೀಟರ್ ಮೇಲೆ. ಲಕ್ಷಾಂತರ ಜನ ಅಲ್ಲಿ ಮನೆ ಕಟ್ಟಿಕೊಂಡಿದ್ದಾರೆ, ಬಸ್ಸು ಹತ್ತಿ ಕೆಲಸಕ್ಕೆ ಹೋಗಿ ಬರುತ್ತಾರೆ. ಭೂಮಧ್ಯ ರೇಖೆಗೆ ನಮಗಿಂತ ಹತ್ತಿರದ ಊರು ಅದು. ಆದರೂ ಅಲ್ಲಿ ಹಗಲಿನ ಬಿಸಿ ಬಹುಪಾಲು 25 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತದೆ. ಏಪ್ರಿಲ್ ತಿಂಗಳಲ್ಲಿ ಹಾಸನದವರೇ ಅವರಿಗಿಂತ ಜಾಸ್ತಿ ಬೆವರುತ್ತಾರೆ.

ಆಫ್ರಿಕಾ ಎಂದ ಕೂಡಲೇ ನಮಗೆ ಮರಳುಗಾಡು, ಸಿಂಹ, ಬರಗಾಲ ನೆನಪಾಗುತ್ತವೆ. ‘ಕಗ್ಗತ್ತಲೆಯ ಖಂಡ’ ಎಂದು ಕರೆಯುವ ಹಳೆಯ ರೂಢಿಯೂ ಇದೆ. ಹಾಸನ, ಚಿಕ್ಕಮಗಳೂರಿನ ನಾವಂತೂ ಹಾಗೆ ಅನ್ನಬಾರದು. ನಮ್ಮ ಊಟ, ತೋಟ, ಮಳೆ ಈ ಮೂರಕ್ಕೂ ಆ ಖಂಡದ ಪೂರ್ವಭಾಗದ ಎತ್ತರದ ನಾಡಿನ ನಂಟಿದೆ.

ಮೊದಲು ಖಂಡದ ಗಾತ್ರ ನೋಡೋಣ. ಆಫ್ರಿಕಾದ ವಿಸ್ತೀರ್ಣ ಸುಮಾರು 3 ಕೋಟಿ ಚದರ ಕಿಲೋಮೀಟರ್. ಒಂಬತ್ತು ಭಾರತಗಳನ್ನು ಅದರೊಳಗೆ ಕೂರಿಸಬಹುದು. 54 ದೇಶಗಳು, ಎರಡು ಸಾವಿರದಷ್ಟು ಭಾಷೆಗಳು, ಸುಮಾರು 150 ಕೋಟಿ ಜನ. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಇಪ್ಪತ್ತು ದಾಟಿಲ್ಲ.

ಭೂಮಧ್ಯ ರೇಖೆ ಈ ಖಂಡದ ನಡುವೆ ಹಾದುಹೋಗುತ್ತದೆ. ಹಾಗಾಗಿ ಉತ್ತರದ ಹವಾಮಾನವೇ ದಕ್ಷಿಣದಲ್ಲೂ ಮರುಕಳಿಸುತ್ತದೆ. ನಡುವೆ ಕಾಂಗೋದ ದಟ್ಟ ಮಳೆಕಾಡು. ಅದರ ಎರಡೂ ಬದಿಗೆ ಹುಲ್ಲುಗಾವಲು. ಅದನ್ನು ದಾಟಿದರೆ ಉತ್ತರಕ್ಕೆ ಸಹಾರಾ, ದಕ್ಷಿಣಕ್ಕೆ ಕಲಹರಿ ಮತ್ತು ನಮೀಬ್. ಎರಡೂ ತುದಿಗಳಲ್ಲಿ, ಅಂದರೆ ಟುನೀಶಿಯಾದ ಕರಾವಳಿಯಲ್ಲೂ ಕೇಪ್‌ಟೌನ್ ಸುತ್ತಲೂ, ಮಳೆ ಬರುವುದು ಚಳಿಗಾಲದಲ್ಲಿ. ಆದರೆ ಪೂರ್ವಕ್ಕೆ ಬಂದರೆ ಈ ಲೆಕ್ಕ ತಪ್ಪುತ್ತದೆ. ಕಾಂಗೋ ಇರುವ ಅಕ್ಷಾಂಶದಲ್ಲೇ ಇರುವ ಸೊಮಾಲಿಯಾ ಒಣಗಿ ನಿಂತಿದೆ. ಪಕ್ಕದ ಇಥಿಯೋಪಿಯಾ ತಂಪಾಗಿ, ಹಸಿರಾಗಿದೆ. ಇದಕ್ಕೆಲ್ಲ ಕಾರಣ ನೆಲದ ಎತ್ತರ.

ಪೂರ್ವ ಆಫ್ರಿಕಾದ ಅಡಿಯಲ್ಲಿ ಭೂಮಿಯ ಒಳಗಿನ ಬಿಸಿ ಬಂಡೆ ನಿಧಾನವಾಗಿ ಮೇಲಕ್ಕೆ ಒತ್ತುತ್ತಿದೆ. ಇದರಿಂದ ನೆಲ ಉಬ್ಬಿತು. ಸುಮಾರು 3 ಕೋಟಿ ವರ್ಷಗಳ ಹಿಂದೆ ಇಥಿಯೋಪಿಯಾದಲ್ಲಿ ಲಾವಾ ಉಕ್ಕಿ, ಪದರದ ಮೇಲೆ ಪದರವಾಗಿ ಗಟ್ಟಿಯಾಯಿತು. ಆಮೇಲೆ ಉಬ್ಬಿದ ನೆಲ ಸೀಳತೊಡಗಿತು. ಇಥಿಯೋಪಿಯಾದ ಅಫಾರ್‌ನಿಂದ ಮೊಜಾಂಬಿಕ್‌ವರೆಗೆ ಸಾಗುವ ಆ ಸೀಳು ಕಣಿವೆ ಈಗಲೂ ವರ್ಷಕ್ಕೆ ಕೆಲವು ಮಿಲಿಮೀಟರ್ ಅಗಲವಾಗುತ್ತಿದೆ. ಸುಮಾರು 1,470 ಮೀಟರ್ ಆಳದ ಟಾಂಗನಿಕಾ ಸರೋವರ ಇರುವುದು ಈ ಸೀಳಿನಲ್ಲೇ. ಮನುಷ್ಯ ಕುಲದ ತುಂಬಾ ಹಳೆಯ ಗುರುತುಗಳೂ ಇಲ್ಲೇ ಸಿಕ್ಕಿವೆ. 1974ರಲ್ಲಿ ಅಫಾರ್‌ನ ಹಡಾರ್ ಎಂಬಲ್ಲಿ ಸಿಕ್ಕ ‘ಲೂಸಿ’ ಎಂಬ ಆದಿಮಾನವ ಜಾತಿಯ ಹೆಣ್ಣಿನ ಮೂಳೆಗಳಿಗೆ ಸುಮಾರು 32 ಲಕ್ಷ ವರ್ಷ ವಯಸ್ಸು.

ಜನ ಎಲ್ಲಿ ನೆಲೆ ನಿಲ್ಲಬೇಕು ಎಂಬುದನ್ನೂ ಬಹುಮಟ್ಟಿಗೆ ಈ ಎತ್ತರವೇ ತೀರ್ಮಾನಿಸಿತು. ತಂಪು ಜಾಸ್ತಿಯಾದರೆ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿ ಬೆಳೆಯುವುದಿಲ್ಲ. ದನಗಳನ್ನು ಕೊಲ್ಲುವ ರೋಗ ಹರಡುವ ತ್ಸೆ ತ್ಸೆ ನೊಣವೂ ಅಷ್ಟು ಮೇಲೆ ಬದುಕುವುದಿಲ್ಲ. ಅದಕ್ಕೇ ಇಥಿಯೋಪಿಯಾದ ರೈತರು ಬಹಳ ಹಿಂದಿನಿಂದ ಎತ್ತು ಕಟ್ಟಿ ನೇಗಿಲು ಹೂಡುತ್ತ ಬಂದರು. ನೊಣದ ಕಾಟ ಇದ್ದ ತಗ್ಗಿನ ನಾಡುಗಳಲ್ಲಿ ದನ ಸಾಕುವುದೇ ಕಷ್ಟ, ಗುದ್ದಲಿಯೇ ಗತಿ. ಖಂಡದಲ್ಲಿ ಜನ ಒತ್ತೊತ್ತಾಗಿ ಬದುಕುವ ರುವಾಂಡಾ, ಬುರುಂಡಿ ಕೂಡ ಬೆಟ್ಟದ ದೇಶಗಳೇ. ನಮ್ಮ ಮಲೆನಾಡಿನ ಪಾಡು ಬೇರೆ. ಮಲೇರಿಯಾಕ್ಕೆ ಮನೆಗಳೇ ಖಾಲಿಯಾದ ಕಥೆಗಳನ್ನು ಇಲ್ಲಿನ ಹಿರಿಯರು ಈಗಲೂ ಹೇಳುತ್ತಾರೆ. ಸೊಳ್ಳೆಯಿಂದ ಪಾರಾಗುವಷ್ಟು ಎತ್ತರ ನಮ್ಮ ಊರುಗಳಿಗೆ ಇರಲಿಲ್ಲ.

ಆ ತಂಪು ನಾಡಿನ ರೈತರು ಪಳಗಿಸಿದ ಬೆಳೆಗಳಲ್ಲಿ ರಾಗಿಯೂ ಒಂದು. ಇಥಿಯೋಪಿಯಾದಿಂದ ಉಗಾಂಡಾವರೆಗಿನ ಎತ್ತರದ ಪ್ರದೇಶ ಅದರ ತವರು. ಸಾವಿರಾರು ವರ್ಷಗಳ ಹಿಂದೆಯೇ ಅದು ಭಾರತಕ್ಕೆ ಬಂತು. ಪಶ್ಚಿಮ ಉಗಾಂಡಾದಲ್ಲಿ ಇವತ್ತಿಗೂ ರಾಗಿ ಹಿಟ್ಟನ್ನು ಕುದಿವ ನೀರಿಗೆ ಹಾಕಿ, ಗಟ್ಟಿಯಾಗಿ ತೊಳಸಿ, ಕೈಯಲ್ಲಿ ಮುರಿದುಕೊಂಡು ಸಾರಿನ ಜೊತೆ ಉಣ್ಣುತ್ತಾರೆ. ಹಾಸನದವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ವಾ? ವರ್ಷಗಟ್ಟಲೆ ಇಟ್ಟರೂ ಹುಳು ಹಿಡಿಯದ ಕಾಳು ಅದು. ನಮ್ಮ ಹಿರಿಯರು ಹಗೇವಿನಲ್ಲಿ ತುಂಬಿಟ್ಟು ಬರಗಾಲ ದಾಟಿದ್ದು ಅದರ ಬಲದಿಂದಲೇ. ರಾಗಿ ಮಾತ್ರ ಅಂದುಕೊಳ್ಳಬೇಡಿ. ಜೋಳ, ಸಜ್ಜೆ, ಅಲಸಂದೆ ಕೂಡ ಆಫ್ರಿಕಾದ ರೈತರು ಪಳಗಿಸಿದ ಬೆಳೆಗಳು. ಅವರ ಈ ದುಡಿಮೆಗೆ ನಮ್ಮ ಪಠ್ಯಗಳಲ್ಲಿ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ ಅನ್ನುವುದು ನನ್ನ ಬೇಸರ.

ಬಾಬಾಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದ ಕಥೆ ಚಿಕ್ಕಮಗಳೂರಿನಲ್ಲಿ ಎಲ್ಲರಿಗೂ ಗೊತ್ತು. ಯೆಮೆನ್‌ಗೆ ಅರೇಬಿಕಾ ಜಾತಿಯ ಆ ಕಾಫಿ ಬಂದದ್ದು ಕೆಂಪು ಸಮುದ್ರದ ಆಚೆಯ ಇಥಿಯೋಪಿಯಾದಿಂದ. ಅಲ್ಲಿನ ನೈಋತ್ಯದ ಬೆಟ್ಟದ ಕಾಡುಗಳಲ್ಲಿ, ದೊಡ್ಡ ಮರಗಳ ನೆರಳಿನಲ್ಲಿ, ಅದು ಇಂದಿಗೂ ಕಾಡುಗಿಡವಾಗಿ ಬೆಳೆಯುತ್ತದೆ. ನಮ್ಮ ತೋಟಗಳಲ್ಲಿ ನೆರಳಿಗೆಂದು ಮರ ಉಳಿಸಿಕೊಳ್ಳುವುದು ಆ ಗಿಡದ ಹುಟ್ಟುಗುಣಕ್ಕೆ ಸರಿಯಾಗಿಯೇ ಇದೆ. ಕಾಫಿಯ ಇನ್ನೊಂದು ಜಾತಿ ರೊಬಸ್ಟಾ ಹುಟ್ಟಿದ್ದು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ತಗ್ಗಿನ ಕಾಡಿನಲ್ಲಿ. ಅದಕ್ಕೇ ಸೆಕೆ ತಡೆಯುತ್ತದೆ.

ಇನ್ನು ಮಳೆಯ ವಿಷಯ. ನನಗೆ ಎಲ್ಲಕ್ಕಿಂತ ಸೋಜಿಗ ಅನಿಸುವುದು ಇದೇ. ಜೂನ್ ಹೊತ್ತಿಗೆ ಮಡಗಾಸ್ಕರ್‌ನ ಆಚೆ, ದಕ್ಷಿಣ ಹಿಂದೂ ಮಹಾಸಾಗರದ ಮೇಲೆ ಗಾಳಿಯ ಒತ್ತಡ ಹೆಚ್ಚಿರುತ್ತದೆ. ಅಲ್ಲಿಂದ ಹೊರಟ ಗಾಳಿ ಆಫ್ರಿಕಾದತ್ತ ಬೀಸುತ್ತದೆ. ಎದುರಿಗೆ ಕೀನ್ಯಾ, ಇಥಿಯೋಪಿಯಾದ ಎತ್ತರದ ನೆಲ ಅಡ್ಡ ಬರುತ್ತದೆ. ಪಶ್ಚಿಮಕ್ಕೆ ಹರಡಿಕೊಳ್ಳಲು ದಾರಿಯಿಲ್ಲದೆ, ಕಾಲುವೆಗೆ ನುಗ್ಗಿದ ನೀರಿನಂತೆ ಅದು ಗುಡ್ಡಗಳ ಅಂಚು ಹಿಡಿದು ಉತ್ತರಕ್ಕೆ ರಭಸವಾಗಿ ಓಡುತ್ತದೆ. ಭೂಮಧ್ಯ ರೇಖೆ ದಾಟಿದ ಮೇಲೆ ಭೂಮಿಯ ತಿರುಗುವಿಕೆ ಅದನ್ನು ಬಲಕ್ಕೆ ಹೊರಳಿಸುತ್ತದೆ. ಅಲ್ಲಿಂದ ಅರಬ್ಬೀ ಸಮುದ್ರ, ಆಮೇಲೆ ನಮ್ಮ ಪಶ್ಚಿಮ ಘಟ್ಟ. ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಮೇಲೆ ಬಿರುಸಾಗಿ ಬೀಸುವ ಈ ಗಾಳಿಗೆ ಸೊಮಾಲಿ ಜೆಟ್ ಎಂದು ಹೆಸರು. 1960ರ ದಶಕದಲ್ಲಿ ಇದನ್ನು ವಿವರವಾಗಿ ಗುರುತಿಸಿದ ಫಿಂಡ್ಲೇಟರ್ ಎಂಬ ಹವಾಮಾನ ತಜ್ಞನ ಹೆಸರಿನಿಂದಲೂ ಕರೆಯುತ್ತಾರೆ. ಕೊಟ್ಟಿಗೆಹಾರ, ಬಿಸಿಲೆಯಲ್ಲಿ ಸುರಿಯುವ ನೀರಿನ ದೊಡ್ಡ ಪಾಲು ಈ ಗಾಳಿ ಹೊತ್ತು ತಂದದ್ದು.

ಆದರೆ ಇದೇ ಗಾಳಿ ಸೊಮಾಲಿಯಾಕ್ಕೆ ಮಳೆ ಕೊಡುವುದು ತೀರಾ ಕಡಿಮೆ. ತೀರಕ್ಕೆ ಸಮನಾಗಿ ಬೀಸುವುದರಿಂದ ಅದು ಮೇಲಿನ ಬೆಚ್ಚಗಿನ ನೀರನ್ನು ದಡದಿಂದ ದೂರ ತಳ್ಳುತ್ತದೆ. ಆಳದ ತಣ್ಣೀರು ಮೇಲಕ್ಕೆ ಬರುತ್ತದೆ. ತಣ್ಣಗಾದ ಕಡಲಿನ ಮೇಲೆ ಮೋಡ ಮೇಲೇರಿ ಬೆಳೆಯುವುದಿಲ್ಲ. ನಮ್ಮನ್ನು ನೆನೆಸುವ ಗಾಳಿ ಅವರ ಮನೆ ಮುಂದೆಯೇ ಹಾದು, ಅವರನ್ನು ಒಣಗಿಸಿ ಬರುತ್ತದೆ.

ಇಥಿಯೋಪಿಯಾದ ಎತ್ತರದ ನಾಡಿಗೆ ದೊಡ್ಡ ಮಳೆ ಬರುವುದೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಈಜಿಪ್ಟ್ ಮುಟ್ಟುವ ನೈಲ್ ನೀರಿನ ಬಹುಪಾಲು ಅಲ್ಲಿ ಬಿದ್ದದ್ದೇ. ಪೆಸಿಫಿಕ್ ಸಾಗರದ ಮೇಲಿನ ನೀರು ಮಾಮೂಲಿಗಿಂತ ಬಿಸಿಯಾಗುವ ಎಲ್ ನಿನೊ ಬಲವಾದ ವರ್ಷಗಳಲ್ಲಿ ನಮ್ಮ ಮುಂಗಾರು, ಅವರ ಮಳೆ ಎರಡೂ ಸೊರಗುವುದುಂಟು. ಹಳೆ ಮೈಸೂರು ಸೀಮೆಯನ್ನು ಬರಿದು ಮಾಡಿದ ಧಾತು ಈಶ್ವರ ಬರ 1876ರಿಂದ 1878ರವರೆಗಿನದು. 1877ರಲ್ಲೇ ನೈಲ್ ನದಿಯ ನೆರೆಯೂ ತೀರಾ ಕೆಳಗಿಳಿದಿತ್ತು.

ಈಗ ಎರಡೂ ಕಡೆ ಸೆಕೆ ಏರುತ್ತಿದೆ. ಅರೇಬಿಕಾಕ್ಕೆ ತಂಪು ಬೇಕು. ಇಥಿಯೋಪಿಯಾದಲ್ಲಿ ಇನ್ನೂ ಮೇಲೆ ಹತ್ತಲು ಬೆಟ್ಟಗಳಿವೆ. ನಮಗೆ ಆ ಅನುಕೂಲ ಇಲ್ಲ, ಬಾಬಾಬುಡನ್‌ಗಿರಿ ಸಾಲಿನ ಮೇಲೆ ಉಳಿದಿರುವುದು ಶೋಲಾ ಕಾಡು ಮತ್ತು ಹುಲ್ಲು. ಅವನ್ನು ಮುಟ್ಟಬಾರದು. ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಭಾಗ ಈಗಾಗಲೇ ರೊಬಸ್ಟಾ. 2018ರಲ್ಲಿ ಸಿಯೆರಾ ಲಿಯೋನ್‌ನ ಕಾಡಿನಲ್ಲಿ ಸ್ಟೆನೊಫಿಲ್ಲಾ ಎಂಬ ಕಾಫಿ ಜಾತಿ ಮತ್ತೆ ಸಿಕ್ಕಿತು. ಅರೇಬಿಕಾಕ್ಕಿಂತ ಸುಮಾರು 6 ಡಿಗ್ರಿ ಹೆಚ್ಚು ಸೆಕೆ ಇರುವಲ್ಲೂ ಅದು ಬೆಳೆಯುತ್ತದೆ. ರುಚಿ ಹೆಚ್ಚುಕಡಿಮೆ ಅರೇಬಿಕಾದ್ದೇ ಎಂದು ಸವಿದ ಪರಿಣತರು 2021ರಲ್ಲಿ ಹೇಳಿದರು. ಆ ಕಾಡು ಮಾತ್ರ ವೇಗವಾಗಿ ಕರಗುತ್ತಿದೆ. ಅಲ್ಲಿ ಉಳಿದಿರುವ ಗಿಡಗಳು ತೀರಾ ಕಡಿಮೆ.